ಮೂರು ಬೆಲ್

ಅಪ್ಪ ಊಟಕ್ಕೆ ಕೂತರೆ ಬಾಯಿ ಬಿಡುತ್ತಿರಲಿಲ್ಲ. ತಟ್ಟೆಯ ಅಂಚಿಗೆ ಬೆರಳಿನಿಂದ ಒಂದು ಸಲ ತಟ್ಟಿದರೆ ಸಾಕು ಎಂದರ್ಥ, ಎರಡು ಸಲ ತಟ್ಟಿದರೆ ಇನ್ನಷ್ಟು ಬಡಿಸು. ಚಿನ್ನದ ಗಣಿಯಲ್ಲಿ ಅವನು ವೈಂಡಿಂಗ್ ಡ್ರೈವರ್. ಆಳುಗಳನ್ನೂ ಅದಿರನ್ನೂ ಬಾವಿಯಂಥ ಶಾಫ್ಟಿನಲ್ಲಿ ಇಳಿಸಿ ಎತ್ತುವ ಯಂತ್ರ ಅವನ ಕೈಯಲ್ಲಿತ್ತು. ಅಲ್ಲಿ ಒಂದು ಬೆಲ್ ಎಂದರೆ ನಿಲ್ಲಿಸು, ಎರಡು ಎಂದರೆ ಇಳಿಸು. ಗಣಿ ಮುಚ್ಚಿ ಎಷ್ಟೋ ವರ್ಷವಾದರೂ ಉರಿಗಾಂನ ನಮ್ಮ ಲೈನ್ ಮನೆಯಲ್ಲಿ ಅನ್ನ ಸಾರು ಆ ಬೆಲ್ ಮೇಲೆಯೇ ನಡೆಯುತ್ತಿತ್ತು. "ಬಾಯ್ಬಿಟ್ರೆ ಮುತ್ತು ಉದುರ್ತವಾ?" ಎಂದು ಅಮ್ಮ ಗೊಣಗುತ್ತಿದ್ದಳು.

ನಮ್ಮ ಬ್ಯಾಂಡಿನಲ್ಲಿ ಮೂವರೇ. ಗಿಟಾರ್ ನನ್ನದು, ಬಾಸ್ ಚಾಂಪಿಯನ್ ರೀಫ್ಸಿನ ಗೆಳತಿಯದು, ಡ್ರಮ್ಸ್ ಕಾಮಸಮುದ್ರದಿಂದ ಬಸ್ಸು ಹಿಡಿದು ಬರುತ್ತಿದ್ದ ಹುಡುಗನದು. ಬಂಗಾರಪೇಟೆ ಸ್ಟೇಷನ್ನಿನ ಹಿಂದೆ, ಒಂದು ಅಂಗಡಿಯ ಮೇಲೆ ಕೋಣೆ ಹಿಡಿದಿದ್ದೆವು. ರೈಲು ಬಂದಾಗಲೆಲ್ಲ ರೆಕಾರ್ಡಿಂಗ್ ಕೆಡುತ್ತಿತ್ತು, ಕೊನೆಗೆ ರೈಲನ್ನೂ ಹಾಡಿಗೇ ಸೇರಿಸಿಕೊಂಡೆವು. ಅವನು ಹಾಲಿನ ಕ್ಯಾನು ತಂದು ಬಾರಿಸಿದ. ನಾನು ಗಿಟಾರಿನ ತಂತಿಗೆ ಚಮಚ ಸಿಕ್ಕಿಸಿ ನುಡಿಸಿದೆ. ಕೆಳಗಿನ ಅಂಗಡಿಯವರು, "ಏನಮ್ಮಾ, ಮಿಕ್ಸಿ ರಿಪೇರಿನಾ?" ಎಂದು ಕೇಳುತ್ತಿದ್ದರು. ಆ ಕೋಣೆಯಲ್ಲೇ ನಾಲ್ಕು ವರ್ಷ ನಾನೂ ಅವನೂ ಪ್ರೀತಿಸಿದೆವು.

ಆಲ್ಬಮ್ ಅರ್ಧ ಮುಗಿದಿತ್ತು. ಒಂದು ಬೆಳಿಗ್ಗೆ ಪ್ಲಾಟ್‌ಫಾರ್ಮಿನಲ್ಲಿ, ನನ್ನ ರೈಲು ಹೊರಡಲು ಐದು ನಿಮಿಷವಿರುವಾಗ, ಅವನು, "ನಂಗಿನ್ನ ಆಗಲ್ಲ ಕಣೇ. ಹಸ ನೋಡ್ಕೊಂಡು ಮನೇಲೇ ಇರ್ತೀನಿ. ನಿಂಗೂ ನಂಗೂ ಸರಿ ಓಗಲ್ಲ" ಅಂದ. ಐದು ನಿಮಿಷಕ್ಕೆ ನಾಲ್ಕು ವರ್ಷ ಮುಗಿಯಿತು. ಆಲ್ಬಮ್ಮನ್ನು ನಡುನೀರಲ್ಲಿ ಬಿಟ್ಟನಲ್ಲ, ಅದಕ್ಕೇ ನನಗೆ ಸಿಟ್ಟು ಎಂದು ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದೆ. ಸುಳ್ಳು. ನನ್ನನ್ನು ಬಿಟ್ಟನಲ್ಲ, ಅದಕ್ಕೆ.

ನನ್ನ ಫೋನಿನಲ್ಲಿ ಅವನ ಒಂದು ವಾಯ್ಸ್ ಮೆಸೇಜ್ ಉಳಿದಿತ್ತು. ಹಿಂದೊಮ್ಮೆ ಮನೆಯಲ್ಲಿ ಜಗಳವಾದಾಗ ಅಳುತ್ತಾ ಕಳಿಸಿದ್ದು: "ಅವ್ವ ನನ್ನ ಬದುಕೋಕೆ ಬಿಡಲ್ಲ." ಹಳೆಯ ಹಾಡೊಂದರ ಮೇಲೆ ಆ ಮಾತನ್ನು ಮತ್ತೆ ಮತ್ತೆ ಸುತ್ತಿಸಿದೆ. ಪ್ರೀತಿ ಹೊಸದಾಗಿದ್ದಾಗ ನಾವಿಬ್ಬರೂ ಕಟ್ಟಿದ ಹಾಡು ಅದು. ಶುರುವಿನಲ್ಲಿ ಕಬ್ಬಿಣದ ಮೇಲೆ ಅವನು ಹೊಡೆದ ಮೂರು ಏಟುಗಳಿದ್ದವು, ಚೆನ್ನಾಗಿವೆ ಎಂದು ಹಾಗೇ ಬಿಟ್ಟೆ. ಅದರ ಬೆನ್ನಿಗೇ ತಂತಿ ಸಡಿಲಿಸುತ್ತಾ ಗಿಟಾರಿನ ದನಿಯನ್ನು ದಡದಡ ಪಾತಾಳಕ್ಕೆ ಇಳಿಸಿದೆ. ಆ ಇಳಿತದ ಉದ್ದಕ್ಕೂ ಅವನ ಅಳು.

"ಸೆಮ್ಮ ಸಖತ್ತಾಗಿದೆ ಕಣೇ," ಅಂದಳು ಬಾಸಿನ ಗೆಳತಿ. ಬಾಸನ್ನು ಚೀಲಕ್ಕೆ ಹಾಕುತ್ತಾ, "ಆದ್ರೆ ಅವರಮ್ಮ ಕೇಳಿದ್ರೆ?" ಎಂದಳು.

ಕೇಳಲಿ ಎಂದೇ ನಾನು ಮಾಡಿದ್ದು. ಅವರ ಊರಿನಲ್ಲಿ ಆ ಗಂಟಲು ಗೊತ್ತಿಲ್ಲದವರಿಲ್ಲ. ಹಾಡು ಹೊರಗೆ ಬಂದರೆ ಅವನು ಅವ್ವನಿಗೆ ಮುಖ ತೋರಿಸುವಂತಿರಲಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು, ಖುಷಿಯೂ ಇತ್ತು.

ಮಾರನೇ ವಾರ ಹಾಡನ್ನು ನೆಟ್ಟಿಗೆ ಹಾಕುವುದಿತ್ತು. ಅದಕ್ಕೂ ಮುಂಚಿನ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ, ನನ್ನ ಸಂಗೀತವನ್ನು ಯಾವತ್ತೂ ಕೇಳದ ಅಪ್ಪ, "ಎಲ್ಲಿ ಕೊಡು, ಅದೇನು ಮಾಡಿದ್ದೀಯೋ ನೋಡಾನ" ಎಂದು ಹೆಡ್‌ಫೋನ್ ಕಿವಿಗಿಟ್ಟುಕೊಂಡ. ಅರ್ಧ ನಿಮಿಷವೂ ಆಗಿರಲಿಲ್ಲ, ಕಿತ್ತು ತೆಗೆದ.

"ಮೂರು ಒಡ್ದಿದ್ದೀಯಲ್ಲಮ್ಮ."

"ಅದು ತಾಳ ಅಪ್ಪಾ."

"ಯಾವ ತಾಳ? ಮೂರು ಅಂದ್ರೆ ಒಳಗೆ ಜನ ಅವ್ರೆ ಅಂತ. ಜನ ಅವ್ರೆ ಅಂತ ಏಳ್ಬಿಟ್ಟು ಇಂಗಾ ಬೀಳ್ಸೋದು?"

ನನಗೆ ಗೊತ್ತಿರಲಿಲ್ಲ. ಅನ್ನಕ್ಕೆ ಮೂರು ತಟ್ಟುವಂತಿಲ್ಲವಲ್ಲ, ಮನೆಯಲ್ಲಿ ಅಪ್ಪ ಮೂರು ತಟ್ಟಿದ್ದೇ ಇಲ್ಲ. ಮೂರು ಎಂಬುದು ಮನುಷ್ಯರಿಗೆ ಮಾತ್ರ.

"ಆ ಉಡುಗನಿಗೆ ಏಳ್ಕೊಟ್ಟಿದ್ದೆ," ಅಂದ ಅಪ್ಪ. "ಇಲ್ಲೇ ಕೂತ್ಕೊಂಡು ಎಲ್ಲಾ ಬೆಲ್ಲೂ ಕೇಳ್ಕೊಂಡು ಓದ. ಮೂರು ಬಂದ್ರೆ ಡ್ರೈವರೂ ಮೂರು ಒಡೀಬೇಕು, ಕೇಳಿಸ್ತು ಅಂತ. ಆಮೇಲೇನೇ ಇಳ್ಸೋದು, ಅದೂ ನಿದಾನಕ್ಕೆ."

ಅವನು ಕೇಳಿದ್ದ. ಈ ಮನೆಯಲ್ಲೇ ಹುಟ್ಟಿ ಬೆಳೆದ ನಾನು ಕೇಳಿರಲಿಲ್ಲ.

ನನಗೆ ರೇಗಿತು. "ಅವನು ನನಗೆ ಮಾಡಿದ್ದು ನಿಂಗೊತ್ತಿಲ್ವಾ?" ಅಂದೆ.

ಅಪ್ಪ ಹೆಡ್‌ಫೋನಿನ ವಯರನ್ನು ಸುತ್ತುತ್ತಾ ಕೂತ. "ನಾನು ಇಳಿಸ್ತಿದ್ದೋರಲ್ಲಿ ನಂಗಾಗ್ದೋನೂ ಒಬ್ಬ ಇದ್ದ. ನಮ್ಮಣ್ಣನ ಮೇಲೆ ಕೈ ಮಾಡಿದ್ದೋನು. ದಿನಾ ಇಳಿಸ್ತಿದ್ದೆ. ಅವನಿಗೆ ಅಂತ ಬೇರೆ ಸ್ಪೀಡ್ ಇರ್ಲಿಲ್ಲ."

ನಾಚಿಕೆಯಾಯಿತು. ಎದ್ದು ಹೋಗಿ ಪಾತ್ರೆ ತೊಳೆದೆ, ತೊಳೆದದ್ದನ್ನೇ ಮತ್ತೆ ತೊಳೆದೆ. ಅವನ ಮೇಲಿನ ಸಿಟ್ಟು ಇಳಿಯಲಿಲ್ಲ, ಈಗಲೂ ಪೂರ್ತಿ ಇಳಿದಿಲ್ಲ. ಆದರೆ ಆ ಸಂಜೆ ಅವನ ಅಳುವನ್ನು ಹಾಡಿನಿಂದ ತೆಗೆದೆ, ಫೋನಿನಿಂದಲೂ ಅಳಿಸಿದೆ. ಗಿಟಾರಿನ ಇಳಿತವನ್ನು ಹೊಸದಾಗಿ ನುಡಿಸಿದೆ. ಮೊದಲು ಇಪ್ಪತ್ತು ಸೆಕೆಂಡಿನಲ್ಲಿ ಬಿದ್ದುಹೋಗುತ್ತಿದ್ದದ್ದು ಈಗ ನಾಲ್ಕು ನಿಮಿಷ ಹಿಡಿಯಿತು. ಬೆರಳಿಗೆ ಬೊಬ್ಬೆ ಬಂತು.

ಹಾಡನ್ನು ಅವನಿಗೆ ಕಳಿಸಿ ಬರೆದೆ: "ಇದರಲ್ಲಿ ನಿನ್ನ ದನಿ ಹಾಕಿದ್ದೆ, ತೆಗೆದಿದ್ದೀನಿ. ತಪ್ಪು ನಂದು. ನಿನ್ನ ಮೂರು ಬೆಲ್ ಇನ್ನೂ ಇದೆ. ಇರಲಾ, ತೆಗೀಲಾ?"

ಎರಡು ದಿನ ಸುದ್ದಿಯಿಲ್ಲ. ತೆಗೆಯಲೇಬೇಕೇನೋ ಅಂದುಕೊಂಡೆ. ಮೂರನೇ ದಿನ ಹಾಲು ಕರೆಯುವ ಹೊತ್ತಿಗೆ ಒಂದು ವಾಯ್ಸ್ ಮೆಸೇಜ್ ಬಂತು. ಮಾತಿರಲಿಲ್ಲ. ಹಿಂದೆಲ್ಲೋ ಹಸುವೊಂದು ಕೂಗಿತು, ಹೆಂಗಸೊಬ್ಬರು ಏನೋ ಕೇಳಿದರು, ಅವನ ಅವ್ವ ಇರಬೇಕು. ಆಮೇಲೆ ಹಾಲಿನ ಕ್ಯಾನಿನ ಮೇಲೆ ನಿಧಾನಕ್ಕೆ ಮೂರು ಏಟು.

ಅಪ್ಪನಿಗೆ ಕೇಳಿಸಿದೆ. ಅವನು ಎರಡು ಸಲ ನೆಲ ತಟ್ಟಿದ, ಇಳಿಸು ಅಂತ.