ನಡುವಿನ ಕೋಣೆಯ ಮಾಸ್ತರರು
ರಾಮದುರ್ಗದ ಹೈಸ್ಕೂಲಿನಲ್ಲಿ ಪೌರನೀತಿ ಕಲಿಸುತ್ತಿದ್ದ ಶಟ್ಟೆಪ್ಪ ಮಾಸ್ತರರಿಗೆ ದೇಶದ ವಿದೇಶಾಂಗ ನೀತಿ ಎಂದರೆ ಸ್ವಂತ ಮನೆಯ ವಿಷಯ. ಸಂಜೆ ಚಹಾದಂಗಡಿಯಲ್ಲಿ ಬಲಗೈಲಿ ಕಪ್ಪು, ಎಡಗೈಲಿ ಅದರ ಕೆಳಗಿನ ಬಶಿ ಹಿಡಿದು ಶುರು ಮಾಡುತ್ತಿದ್ದರು: "ಕಪ್ಪು ಅಮೇರಿಕಾ, ಬಶಿ ರಶಿಯಾ, ಚಹಾ ಮಾತ್ರ ನಮ್ಮದು. ಗೋದಿ ಅವರು ಕೊಡ್ಲಿ, ಉಕ್ಕು ಇವರು ಕೊಡ್ಲಿ. ಇಬ್ಬರಿಗೂ ನಮಸ್ಕಾರ ಅನಬೇಕು, ಯಾರ ಪಡಸಾಲ್ಯಾಗೂ ಕುಂದರಬಾರದು." ಎಪ್ಪತ್ತೊಂದರಲ್ಲಿ ದಿಲ್ಲಿ ರಶಿಯಾದ ಜೋಡಿ ಒಪ್ಪಂದ ಮಾಡಿಕೊಂಡಾಗ, ಸ್ವಂತ ತಮ್ಮ ಹೇಳದೆ ಲಗ್ನವಾದನೇನೋ ಎಂಬಂತೆ ಮಾರಿ ಊದಿಸಿಕೊಂಡಿದ್ದರು. ಅವರು ಬಾಡಿಗೆಗಿದ್ದದ್ದು ಅಣ್ಣತಮ್ಮಂದಿರಿಬ್ಬರು ಪಾಲು ಮಾಡಿಕೊಂಡ ವಾಡೆಯ ನಡುವಿನ ಕೋಣೆಯಲ್ಲಿ; ಆಚೆ ಅಣ್ಣ, ಈಚೆ ತಮ್ಮ, ಅವರಿಬ್ಬರಿಗೆ ಮಾತಿಲ್ಲ. ಅಣ್ಣನ ಮನೆಯ ಮಜ್ಜಿಗೆ ಇಸಿದುಕೊಂಡ ದಿನ ಮಾಸ್ತರರು ತಮ್ಮನ ಮನೆಯಿಂದ ಚಟ್ನಿಯಾದರೂ ಕೇಳಿ ತರುತ್ತಿದ್ದರು. ಹೋಳಿಗೆ ಊಟಕ್ಕೆ ಎರಡೂ ಕಡೆ ಕರೆದರೆ ಎರಡೂ ಕಡೆ ಹೊಟ್ಟೆನೋವು ಹೇಳುತ್ತಿದ್ದರು. ಒಂದು ಚಳಿಗಾಲ ಜ್ವರ ಬಂದು ಸಾಲಿಗೆ ಬರಲಿಲ್ಲವೆಂದು, ಜೊತೆಯ ಮಾಸ್ತರನಾದ ನಾನು ನೋಡಲು ಹೋದೆ. "ಆ ಮನ್ಯಾಗ ನೋಡ್ಕೊಂಡಿರ್ತಾರ ತಗೋರಿ," ಎಂದರು ಅಣ್ಣನ ಹೆಂಡತಿ ಚನ್ನವ್ವ. ತಮ್ಮನ ಹೆಂಡತಿ ತಂಗೆವ್ವನದೂ ಅದೇ ಮಾತು. ಕೋಣೆಯೊಳಗೆ ಕೊಡ ಒಣಗಿತ್ತು, ಒಲೆ ತಣ್ಣಗಿತ್ತು. ನಾನೇ ನೀರು ತಂದು ಕುಡಿಸಿದೆ. ವಾರದ ಮೇಲೆ ಚಹಾದಂಗಡಿಯಲ್ಲಿ ಯಾರೋ, "ಜ್ವರದಾಗ ಯಾರ್ ನೋಡ್ಕೊಂಡ್ರಿ ಮಾಸ್ತರ?" ಎಂದು ಕೇಳಿದರು. ಶಟ್ಟೆಪ್ಪ ಮಾಸ್ತರರು ನನ್ನ ಕಡೆ ನೋಡಲಿಲ್ಲ. "ಎರಡೂ ಮನಿಯಿಂದ ಗಂಜಿ ಬಂದಿತ್ರಿ," ಎಂದರು, "ಯಾರಿಗೂ ಬ್ಯಾಡ ಅನ್ನಲಿಲ್ಲ."