ಪರದೆಯಾಚೆಯ ಕೈ

ಪಕ್ಕದ ಮನೆಯ ಹಾಜಿಯವರ ಎಡತೋಳಿನಲ್ಲಿ ನಾಲ್ಕು ಗುರುತುಗಳಿದ್ದವು. ನಾಲ್ಕಾಣೆ ಬಿಲ್ಲೆಯಷ್ಟು ಅಗಲ, ಸವೆದ ಬೆಳ್ಳಿಯ ಹೊಳಪು, ನಡುವೆ ಹಿಟ್ಟಿನುಂಡೆಗೆ ಬೆರಳೊತ್ತಿದ ಹಾಗೆ ಒಂದು ತಗ್ಗು. ಜನವರಿಯ ಚಳಿಯಲ್ಲೂ ಅವರು ಅಂಗಿಯ ತೋಳನ್ನು ಮಡಿಸಿ ಮಡಿಸಿ ಭುಜದವರೆಗೆ ಏರಿಸಿಕೊಂಡೇ ಹಿತ್ತಲಿಗೆ ಬರುತ್ತಿದ್ದರು. ಸಿಡುಬು ಬಾರದಿರಲೆಂದು ಚಿಕ್ಕಂದಿನಲ್ಲಿ ದೇವಿ ಹಾಕಿಸಿದ ಗುರುತುಗಳು ಅವು. ನನ್ನ ತೋಳಿನಲ್ಲೂ ಎರಡಿವೆ. ನಾನು ಜೀವಮಾನವೆಲ್ಲ ಅವನ್ನು ರವಿಕೆಯ ತೋಳಿನೊಳಗೆ ಅಡಗಿಸಿದೆ. ಅವರು ಮೆಡಲ್ ಧರಿಸಿದವರ ಹಾಗೆ ತೋರಿಸಿಕೊಂಡು ಓಡಾಡುತ್ತಾರಲ್ಲ ಎಂದು ಎಷ್ಟೋ ವರ್ಷ ಒಳಗೊಳಗೇ ನಗುತ್ತಿದ್ದೆ.

ಇಂಗ್ಲೆಂಡಿನ ಟಿವಿಡೇಲಿನ ದೇವಸ್ಥಾನಕ್ಕೆ ಕಾರಿನಲ್ಲಿ ಹತ್ತು ನಿಮಿಷ ದೂರದ ಈ ರಸ್ತೆಯಲ್ಲಿ ನಮ್ಮೆರಡು ಮನೆಗಳಿಗೂ ಒಂದೇ ಗೋಡೆ. ನನ್ನವರು ಇಲ್ಲಿ ಜಿ.ಪಿ. ಡಾಕ್ಟರಾಗಿ ನಲವತ್ತು ವರ್ಷ ಕೆಲಸ ಮಾಡಿದರು. ಹಾಜಿಯವರು ಏಡನ್ನಿನವರು. ಅರಬ್ಬೀ ಸಮುದ್ರದ ಆಚೆ ದಡದ ಆ ಬಂದರನ್ನು ಇಂಗ್ಲಿಷರು ಆಳುತ್ತಿದ್ದ ಕಾಲದಲ್ಲಿ, ಹದಿನೇಳನೆಯ ವಯಸ್ಸಿಗೇ ಬಂದರಿನ ಆರೋಗ್ಯ ಕಚೇರಿಯಲ್ಲಿ ಗುಮಾಸ್ತರಾದವರು. ಹೆಡ್ ಕ್ಲಾರ್ಕು ಬೊಂಬಾಯಿಯವನಾದ್ದರಿಂದ ಹಿಂದೂಸ್ತಾನಿ ಬಂತು. ಇಂಗ್ಲಿಷರು ಅಲ್ಲಿಂದ ಕಾಲ್ತೆಗೆದ ಮೇಲೆ ಇಲ್ಲಿಯ ಫೌಂಡ್ರಿಗೆ ಬಂದು ಸೇರಿದರು, ಈ ಸೀಮೆಯ ಮೂಗಿನ ಇಂಗ್ಲಿಷೂ ಬಂತು. ಎರಡನ್ನೂ ಕಲಸಿ ಮಾತಾಡುತ್ತಿದ್ದರು. ನನ್ನನ್ನು ಕರೆಯುವುದು “ಬೆಹನ್” ಎಂದು, ಹೊರಡುವಾಗ ಮಾತ್ರ “ಟ-ರಾ ಎ ಬಿಟ್!” ಅವರ ಮಾತನ್ನು ನಾನಿಲ್ಲಿ ಕನ್ನಡಕ್ಕೆ ಇಳಿಸುತ್ತಿದ್ದೇನೆ. ಅರ್ಧ ರುಚಿ ಹೋಯಿತು, ಐ ನೋ.

ಶನಿವಾರ ದೇವಸ್ಥಾನದಿಂದ ಬರುವಾಗ ಪುಳಿಯೋಗರೆಯ ಡಬ್ಬಿಯೊಂದನ್ನು ಬೇಲಿಯ ಮೇಲಿಂದ ದಾಟಿಸುತ್ತಿದ್ದೆ. ಅದೇ ಡಬ್ಬಿ ಖರ್ಜೂರ ತುಂಬಿಕೊಂಡು ವಾಪಸು ಬರುತ್ತಿತ್ತು, ಜೊತೆಗೆ ಒಂದು ಲೋಟ ಏಡನ್ ಚಹಾ. ಏಲಕ್ಕಿ, ಲವಂಗ, ಕುದಿದು ಕುದಿದು ಕೆಂಪಾದ ಹಾಲು.

“ನಿಮ್ಮ ದೇಶದವರು ಕಲಿಸಿದ್ದು ಬೆಹನ್, ಈ ಚಹಾ. ಇಂಗ್ಲಿಷರು ಕಲಿಸಿದ್ದು ಫಾರ್ಮ್ ತುಂಬೋದು ಮಾತ್ರ.”

ಅವರ ಏಡನ್ನನ್ನು ನಾನೂ ಒಮ್ಮೆ ಕಂಡಿದ್ದೆ. ಹೊಸ ಮದುವಣಗಿತ್ತಿ, ಮೈಸೂರಿನ ಕಾನ್ವೆಂಟಿನ ಸಿಸ್ಟರ್‌ಗಳು ಕೊಟ್ಟ ಜಪಮಾಲೆಯೂ ಅಮ್ಮ ಕೊಟ್ಟ ಕುಂಕುಮದ ಭರಣಿಯೂ ಒಂದೇ ಪೆಟ್ಟಿಗೆಯಲ್ಲಿ. ಬೊಂಬಾಯಿಯಿಂದ ಹೊರಟ ಹಡಗು ಅಲ್ಲಿ ನಿಂತಾಗ ಡೆಕ್ಕಿನಿಂದ ಕಂಡದ್ದು ಸುಟ್ಟ ಬೆಲ್ಲದ ಬಣ್ಣದ ಬೆಟ್ಟಗಳು, ಅವುಗಳ ಬುಡದಲ್ಲಿ ಸಕ್ಕರೆ ಅಚ್ಚಿನಂಥ ಬಿಳಿ ಮನೆಗಳು. ಸಣ್ಣ ದೋಣಿಯೊಂದು ಬಂತು. ಬಿಳಿ ಚಡ್ಡಿಯ ಡಾಕ್ಟರ್ ಸಾಹೇಬ ಮುಂದೆ, ರಿಜಿಸ್ಟರ್ ಅವಚಿಕೊಂಡ ಗುಮಾಸ್ತ ಹಿಂದೆ. “ಅದು ನಾನೇ ಇರಬೇಕು,” ಎನ್ನುತ್ತಿದ್ದರು ಹಾಜಿಯವರು. “ನೀವೇ ಇರಬೇಕು,” ಎನ್ನುತ್ತಿದ್ದೆ ನಾನು. ಹೌದೋ ಅಲ್ಲವೋ, ಇಬ್ಬರೂ ವಿಚಾರಿಸಲು ಹೋಗಲಿಲ್ಲ. ಈಗಲೂ ಮಧ್ಯಾಹ್ನದ ಜೊಂಪಿನಲ್ಲಿ ಆ ದೋಣಿ ನನ್ನ ಕಡೆ ಬರುತ್ತಲೇ ಇರುತ್ತದೆ, ತಲುಪುವುದಿಲ್ಲ.

ಕೋವಿಡ್‌ನ ಮೊದಲ ವಸಂತದಲ್ಲಿ ನನ್ನವರು ಹೋದರು. ಆಸ್ಪತ್ರೆಯ ಬಾಗಿಲಲ್ಲಿ ಆಂಬ್ಯುಲೆನ್ಸ್ ಹುಡುಗಿ “ವೀ ವಿಲ್ ಲುಕ್ ಆಫ್ಟರ್ ಹಿಮ್, ಮೈ ಲವ್” ಅಂದಳು. ನಾನು ಅವರನ್ನು ನೋಡಿದ್ದು ಅದೇ ಕೊನೆ. ಮುಂದಿನ ಚಳಿಗಾಲಕ್ಕೆ ಲಸಿಕೆ ಬಂತು, ನನಗೆ ಪತ್ರವೂ ಬಂತು. ಪತ್ರವನ್ನು ಬ್ರೆಡ್ ಡಬ್ಬಿಯ ಹಿಂದೆ ಸಿಕ್ಕಿಸಿದೆ. ಅವರಿಗೆ ಸಿಗದ ಸೂಜಿ ನನಗೇಕೆ ಎಂಬ ಹಟ. ಹಟವೋ, ಅವರ ಹಿಂದೆಯೇ ಹೊರಟುಬಿಡುವ ಆಸೆಯೋ, ನನಗೇ ತಿಳಿಯದು. ಸಾಲ್ಫರ್ಡಿನಲ್ಲಿರುವ ಮಗಳು ದಿನಾ ಫೋನು ಮಾಡುತ್ತಿದ್ದಳು. “ಮಮ್, ಹ್ಯಾವ್ ಯೂ ಹ್ಯಾಡ್ ಇಟ್?” ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. ಒಂದು ದಿನ ಸಾಕಾಗಿ, “ಹಾಕಿಸ್ಕೊಂಡೆ ಕಣೇ, ಡನ್,” ಎಂದುಬಿಟ್ಟೆ. ಅತ್ತ ಅವಳು ಅತ್ತದ್ದು ಕೇಳಿಸಿತು. ಮಾರನೆಯ ದಿನ ಬೇಲಿಯಾಚೆಯಿಂದ ಕೇಳಿದ ಹಾಜಿಯವರಿಗೂ ಅದನ್ನೇ ಹೇಳಿದೆ. ಸುಳ್ಳಾಡಿದ ನಾಲಿಗೆಯ ಮೇಲೆ ಕಾನ್ವೆಂಟಿನ ಸಿಸ್ಟರ್ ಇಡುತ್ತಿದ್ದ ಸಾಬೂನಿನ ರುಚಿ ಎಪ್ಪತ್ತು ವರ್ಷಗಳಾಚೆಯಿಂದ ಬಾಯಿಗೆ ಬಂತು.

“ಯಾವ ಕೈಗೆ ಬೆಹನ್?”

“ಎಡಗೈಗೆ.”

“ನಿನ್ನೇನಾ?”

“ಹ್ಞೂಂ, ನಿನ್ನೆ.”

“ನಂಗೆ ಹಾಕಿದ ಮಾರನೇ ದಿನ ಚಹಾ ಲೋಟ ಎತ್ತೋಕೂ ಕೈ ಬರ್ಲಿಲ್ಲ. ನೀವು ಅದೇ ಕೈಲಿ ಕಸದ ವ್ಹೀಲಿ ಬಿನ್ ಎಳೀತಿದೀರಿ. ನಿಮ್ಮ ಕೈಯನ್ನ ನಮ್ಮ ಫೌಂಡ್ರೀಲಿ ಎರಕ ಹೊಯ್ದಿದ್ರಾ?”

ನಾನು ನಕ್ಕೆ. ಅವರು ನಗಲಿಲ್ಲ.

“ಅವರಿಗೆ ಸಿಗಲಿಲ್ಲವಲ್ಲ, ಭಾಯಿ ಸಾಹೇಬ್,” ಎಂದೆ.

ಅವರು ಬಕೆಟ್ ಒಂದನ್ನು ಬೋರಲು ಹಾಕಿ ಬೇಲಿಯಿಂದ ಎರಡು ಮೀಟರ್ ದೂರದಲ್ಲಿ ಕುಳಿತರು. ಮಾಸ್ಕನ್ನು ಗದ್ದಕ್ಕಿಳಿಸಿದರು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಕಾಲುವೆಯ ಆಚೆಯ ಮನೆಗಳೇ ಇರಲಿಲ್ಲ. ಆರಿದ ಜ್ವಾಲಾಮುಖಿಯ ಬಟ್ಟಲೊಳಗಿನ ಅವರ ಹಳೆಯ ಊರು ಆ ಮಂಜಿನಲ್ಲಿ ಓಣಿ ಓಣಿಯಾಗಿ ಎದ್ದು ನಿಂತಿತು.

ಯಾವುದೋ ಹಾಯಿಹಡಗಿನಿಂದ ಸಿಡುಬು ಇಳಿದಿತ್ತು. ಬಂದರಿನ ಬಳಿಯ ಸಾಹೇಬರ ಬಂಗಲೆಗಳಿಗೆ ಮೊದಲ ದಿನವೇ ಲಸಿಕೆ. ಹಳೆಯ ಊರಿನ ಓಣಿಗಳಿಗೆ ಎರಡನೆಯ ವಾರ. ಹೆಂಗಸರು ಪರಪುರುಷರ ಎದುರು ಬರುವಂತಿಲ್ಲ. ಹಾಗಾಗಿ ಬಾಗಿಲಿಗೆ ಬೆಡ್‌ಶೀಟು ಕಟ್ಟಿ ನಡುವೆ ಸೀಳುತ್ತಿದ್ದರು. ಗುಮಾಸ್ತ ಹೆಸರು ಕೂಗಬೇಕು, ಸೀಳಿನಿಂದ ಒಂದು ಕೈ ಹೊರಗೆ ಬರಬೇಕು, ಕಾಂಪೌಂಡರ್ ತೋಳಿಗೆ ಲಸಿಕೆ ಗೀರಬೇಕು, ಗುಮಾಸ್ತ ಬರೆದುಕೊಳ್ಳಬೇಕು. ಹೆದರಿದವಳ ಬದಲಿಗೆ ಧೈರ್ಯದವಳು ಎರಡನೆಯ ಸಲ ಕೈ ಕೊಡುತ್ತಿದ್ದಳು. ಓಣಿಗೆಲ್ಲ ಗೊತ್ತಿದ್ದ ಸಂಗತಿ. ಸಾಹೇಬರೊಬ್ಬರಿಗೆ ಗೊತ್ತಿರಲಿಲ್ಲ.

“ಅವರು ಕೈಗಳನ್ನು ಎಣಿಸ್ತಿದ್ರು ಬೆಹನ್. ಮುಖ ಬೇಕಾಗಿರ್ಲಿಲ್ಲ. ಕೈಯೂ ಹೆಸರೂ ಸರಿಹೋದ್ರೆ ಓಣಿ ಕ್ಲೀನ್.”

ಮೂರನೆಯ ದಿನ ಅವರ ಮನೆಯ ಬಾಗಿಲೇ ಬಂತು. ಐದು ಹೆಸರು, ಐದು ಕೈ. ಕೊನೆಯ ಹೆಸರು ತಂಗಿಯದು. ಹನ್ನೆರಡು ವರ್ಷ, ಮದುವೆ ಗೊತ್ತಾಗಿತ್ತು. ಜ್ವರ ಬರುತ್ತದೆ, ತೋಳು ಕಲೆಯಾಗುತ್ತದೆ ಎಂದು ತಾಯಿಗೆ ಭಯ. ಮೊದಲ ನಾಲ್ಕೂ ಎಡಗೈ, ಅವಳ ಹೆಸರು ಕೂಗಿದಾಗ ಹೊರಬಂದದ್ದು ಒಂದು ಬಲಗೈ. ಮಣಿಕಟ್ಟಿನಲ್ಲಿ ರೊಟ್ಟಿಯ ಒಲೆ ಸುಟ್ಟ ಗಾಯ.

“ಹುಟ್ಟಿದಾಗಿನಿಂದ ನಂಗೆ ಉಣ್ಣಿಸಿದ ಕೈ ಅದು. ಪರದೆ ಹಿಂದಿನಿಂದ ಅಮ್ಮ ಅಂದ್ಲು, ‘ಮಗುವಿನ ಕೈ, ಬರ್ಕೋ.’ ಸಾಹೇಬರು ಗಡಿಯಾರ ನೋಡಿ ‘ನೆಕ್ಸ್ಟ್!’ ಅಂದ್ರು. ಅವರೆದುರು ಅಮ್ಮನನ್ನ ಸುಳ್ಳಿ ಅನ್ನೋದು ಹೇಗೆ? ಬರೆದೆ. ಚೆಂದದ ಅಕ್ಷರದಲ್ಲಿ ಬರೆದೆ.”

ತಿಂಗಳೊಳಗೆ ಮೈಯೆಲ್ಲ ಬೊಕ್ಕೆಯೆದ್ದು ತಂಗಿ ಮಲಗಿದಳು. ಅದೇ ಡಾಕ್ಟರು ಅದೇ ರಿಜಿಸ್ಟರ್ ಹಿಡಿದು ಬಂದರು. ಮಂಚದ ಹತ್ತಿರ ಹೋಗುವ ಮೊದಲೇ ಪುಟ ತೆರೆದು, ಹೆಸರಿನ ಕೆಳಗೆ ಬೆರಳೆಳೆದು, “ಶಿ ಹ್ಯಾಸ್ ಬೀನ್ ಡನ್” ಎಂದರು. ಪುಸ್ತಕದ ಪ್ರಕಾರ ಅವಳಿಗೆ ಸಿಡುಬು ಬರುವಂತಿರಲಿಲ್ಲ. ಚಿಕನ್‌ಪಾಕ್ಸ್ ಎಂದು ಬರೆದುಕೊಂಡು ಹೋದರು. ಗುಮಾಸ್ತ ಬಾಗಿಲಲ್ಲೇ ನಿಂತಿದ್ದ, ಬಾಯಿ ತೆರೆಯಲಿಲ್ಲ. ಐದನೆಯ ದಿನ ಹುಡುಗಿ ತೀರಿಕೊಂಡಳು. ಚಿಕನ್‌ಪಾಕ್ಸ್ ಆದ್ದರಿಂದ ಆ ಓಣಿಗೆ ಮತ್ತೆ ಲಸಿಕೆಯವರು ಬರಲಿಲ್ಲ. ಇನ್ನೂ ಎರಡು ಮನೆಗಳಲ್ಲಿ ಹೆಣ ಬಿದ್ದವು.

“ನನ್ನ ತೋಳಲ್ಲಿ ನಾಲ್ಕು. ಅವಳ ತೋಳಲ್ಲಿ ಒಂದೂ ಇರ್ಲಿಲ್ಲ. ಇದನ್ನ ಮುಚ್ಕೊಳ್ಳೋಕೆ ನಾಚಿಕೆಯಾಗುತ್ತೆ, ಬೆಹನ್.” ಮಡಿಸಿದ ತೋಳನ್ನು ಇನ್ನಷ್ಟು ಮೇಲೇರಿಸಿ, “ನೀವೀಗ ನಿಮ್ಮ ಮಗಳಿಗೆ ಬೇರೆ ಯಾರದೋ ಕೈ ಕೊಟ್ಟಿದೀರಿ. ಪಾಪ, ಅವಳು ಬರ್ಕೊಂಡಿದಾಳೆ.”

ನಾನು ಒಳಗೆ ಹೋಗಿ ಬ್ರೆಡ್ ಡಬ್ಬಿಯ ಹಿಂದಿನಿಂದ ಪತ್ರ ತೆಗೆದೆ.

ಎರಡು ದಿನದ ಮೇಲೆ ಕಮ್ಯೂನಿಟಿ ಸೆಂಟರಿಗೆ ನಡೆದು ಹೋದೆವು. ನಾನು ಮುಂದೆ, ಅವರು ಎರಡು ಮೀಟರ್ ಹಿಂದೆ ಕೋಲೂರಿಕೊಂಡು. ನಾನು ಹೊರಬರುವವರೆಗೂ ತುಂತುರಿನಲ್ಲಿ ಗೇಟಿನ ಬಳಿ ನಿಂತಿದ್ದರು.

“ತೋರಿಸಿ.”

“ರಸ್ತೇಲಾ, ಭಾಯಿ ಸಾಹೇಬ್? ಈ ವಯಸ್ಸಲ್ಲಿ?”

“ತೋರಿಸಿ.”

ಕೋಟು, ಕಾರ್ಡಿಗನ್ನು, ರವಿಕೆಯ ತೋಳು, ಒಂದೊಂದಾಗಿ ಸರಿಸಿದೆ. ಅವರು ಕನ್ನಡಕವೇರಿಸಿ, ಬಗ್ಗಿ, ದುಂಡನೆಯ ಪ್ಲ್ಯಾಸ್ಟರನ್ನು ನೋಡಿದರು. ಆಮೇಲೆ ನನ್ನ ಮುಖವನ್ನು ನೋಡಿದರು. ಎಡಗೈಯನ್ನು ಪುಸ್ತಕದ ಹಾಗೆ ಬಿಚ್ಚಿ ಹಿಡಿದು, ಬಲಗೈಯ ತೋರುಬೆರಳಿನಿಂದ ಅಂಗೈ ಮೇಲೆ ಏನೋ ಬರೆದರು. ಅರಬ್ಬಿಯಲ್ಲಿ, ಬಲದಿಂದ ಎಡಕ್ಕೆ.

“ಡನ್,” ಎಂದರು.

ಆ ಸಂಜೆ ಮಗಳಿಗೆ ನಿಜ ಹೇಳಿದೆ. “ಯೂ ಲೈಡ್ ಟು ಮೀ, ಮಮ್?” ಎಂದು ಕೂಗಾಡಿ, ಆಮೇಲೆ ತಾನಾಗಿಯೇ ಕನ್ನಡದಲ್ಲಿ “ಅಮ್ಮಾ” ಎಂದಳು. ಅದೊಂದೇ ಮಾತು, ಬಹಳ ಹೊತ್ತು.

ಹಾಜಿಯವರು ಕಳೆದ ಶರತ್ಕಾಲದಲ್ಲಿ, ಶುಕ್ರವಾರದ ನಮಾಜಿಗೆಂದು ಬೂಟು ಹಾಕಿಕೊಳ್ಳುತ್ತಿದ್ದವರು, ಕುಳಿತಲ್ಲೇ ಹೋದರು. ನಾನು ಮನೆಯವರನ್ನು ಮಾತಾಡಿಸಲು ಹೋದಾಗ ಮುಂದಿನ ಕೋಣೆಯಲ್ಲಿ ಗಂಡಸರು, ಹಿಂದಿನ ಕೋಣೆಯಲ್ಲಿ ಹೆಂಗಸರು. ಅವರ ನಡುವೆ ಕುಳಿತೆ. ಅಡುಗೆಮನೆಯ ಬಾಗಿಲಿಗೆ ಪರದೆ. ಏಲಕ್ಕಿಯ ವಾಸನೆ, ಯಾರದೋ ಮೆಲ್ಲನೆಯ ಕುರಾನ್ ಓದು. ನನಗೆ ಹಡಗಿನ ಡೆಕ್ಕಿನಲ್ಲಿ ನಿಂತ ಹಾಗೆ ನೆಲ ತೇಲುತ್ತಿತ್ತು. ಆಗ ಪರದೆಯ ಅಂಚಿನಿಂದ ಚಹಾ ಲೋಟ ಹಿಡಿದ ಒಂದು ಕೈ ಬಂತು. ತೆಳ್ಳಗಿನ ಕೈ, ಸ್ವಲ್ಪ ನಡುಗುತ್ತಿತ್ತು.

ನಾನು ಲೋಟ ತೆಗೆದುಕೊಳ್ಳಲಿಲ್ಲ. ಎದ್ದು ಪರದೆ ಸರಿಸಿದೆ.

ಹಾಜಿಯವರ ಮರಿಮಗಳು, ಹನ್ನೆರಡರ ಹುಡುಗಿ, ಸ್ಕೂಲ್ ಯೂನಿಫಾರ್ಮಿನಲ್ಲೇ ಇದ್ದಳು. “ಸಾರಿ ಆಂಟಿ, ಚೆಲ್ಲಿತಾ? ಮೈ ಆರ್ಮ್ಸ್ ಕಿಲ್ಲಿಂಗ್ ಮೀ. ಸ್ಕೂಲಲ್ಲಿ ಲಸಿಕೆ ಜ್ಯಾಬ್ ಹಾಕಿದ್ರು,” ಎಂದಳು ತನ್ನ ಇಂಗ್ಲಿಷಿನಲ್ಲಿ.

“ತೋರಿಸು,” ಎಂದೆ.

ಹುಡುಗಿ ವಿಚಿತ್ರವಾಗಿ ನೋಡಿ ತೋಳು ಮೇಲೆ ಮಾಡಿದಳು. ನಾನು ಕನ್ನಡಕವೇರಿಸಿ, ಬಗ್ಗಿ, ಪ್ಲ್ಯಾಸ್ಟರನ್ನು ನೋಡಿದೆ. ಆಮೇಲೆ ಅವಳ ಮುಖವನ್ನು ನೋಡಿದೆ, ಸಾವಕಾಶವಾಗಿ. ನನ್ನ ಅಂಗೈ ಬಿಚ್ಚಿ, ಬೆರಳಿನಿಂದ ಅವಳ ಹೆಸರು ಬರೆದುಕೊಂಡೆ.