ಷಡ್ಡಕರ ಡಬ್ಬ, ಹೊರಗಿನವರ ಆಟ

ನನ್ನ ಷಡ್ಡಕರಿಗೆ, ಎಂದರೆ ಹೆಂಡತಿಯ ಅಕ್ಕನ ಗಂಡನಿಗೆ, ನಾವಿಟ್ಟ ಹೆಸರು 'ಬನ್ನಿಬನ್ನಿ'. ಟೀವಿಗೆ ಸಿಕ್ಕಿಸಿ ಆಡುವ ಗೇಮ್ ಕನ್ಸೋಲ್ ತಯಾರಿಸುವ ಕಂಪನಿಯಲ್ಲಿ ಅವರ ಕೆಲಸವೇ ಕರೆಯುವುದು. ಕಂಪನಿಯವರೇ ಆಟ ಬರೆದರೆ ಸಾಲದು, ಹೊರಗಿನವರೂ ಬಂದು ಬರೆಯಬೇಕು. ಇಲ್ಲದಿದ್ದರೆ ಕನ್ಸೋಲು ಬರೀ ಡಬ್ಬ. ಆ ಡಬ್ಬ ಹೆಗಲಿಗೇರಿಸಿಕೊಂಡು ಷಡ್ಡಕರು ಆಟ ಬರೆಯುವವರ ಮೆಟ್ಟಿಲುಗಳನ್ನೆಲ್ಲ ಹತ್ತಿ ಇಳಿದರು. ಹಾಸ್ಯ ಬರೆಯುವ ನನ್ನನ್ನೂ ಒಮ್ಮೆ ಕರೆದಿದ್ದರು. ಅಷ್ಟು ಗತಿಗೆಟ್ಟಿತ್ತು ಕಂಪನಿ.

ಕೊನೆಗೆ ಒಬ್ಬಾಕೆ ಒಪ್ಪಿದಳು. ಟೈಲರ್ ಅಂಗಡಿಯ ಮೇಲಿನ ಒಂಟಿ ಕೋಣೆಯಲ್ಲಿ ಕೂತು, ಜನ ಬಸ್ಸಿನಲ್ಲಿ ಮರೆತ ಕೊಡೆಗಳನ್ನು ಮುದುಕನೊಬ್ಬ ಮನೆಮನೆಗೆ ಮುಟ್ಟಿಸುವ ಆಟ ಬರೆಯುತ್ತಿದ್ದಳು.

"ನಿಮ್ಮಲ್ಲಿ ಮನೆಯೋರ ಆಟಕ್ಕೇ ಮೊದಲ ಮಣೆಯಂತೆ?" ಎಂದು ಕೇಳಿದಳಂತೆ.

"ನಾನಿದೀನಲ್ಲಮ್ಮ!"

"ಸರಿ ಅಣ್ಣ. ಬಡಿಸೋರು ನಮ್ಮೋರಾದ್ರೆ ಕೊನೇ ಪಂಕ್ತಿ ಆದ್ರೇನು?"

ಸೌಟು ತಮ್ಮ ಕೈಯಲ್ಲಿಲ್ಲ ಎಂದು ಷಡ್ಡಕರು ಹೇಳಬಹುದಿತ್ತು. ಹೇಳಲಿಲ್ಲ.

ಅವಳ ಆಟ ಹೊರಬರುವ ಶುಕ್ರವಾರವೇ ಕಂಪನಿ ತನ್ನ ಕಾರ್ ರೇಸನ್ನೂ ಬಿಡುತ್ತದೆಂದು ತಿಳಿದಾಗ ಸಾಹೇಬರ ಕೋಣೆಗೆ ಓಡಿದರು.

"ನಮ್ಮದನ್ನ ಒಂದು ತಿಂಗಳು ತಡೀರಿ ಸಾರ್. ಆ ಹುಡುಗಿ ಮುಳುಗಿಹೋಗ್ತಾಳೆ."

"ಅಲ್ರೀ, ನೆಂಟರ ಮಗು ಅಳುತ್ತೆ ಅಂತ ನಮ್ಮ ಮಗೂನ ತೊಟ್ಟಿಲಿಂದ ಇಳಿಸ್ಲಾ?"

ಶುಕ್ರವಾರ ಕನ್ಸೋಲ್ ಹಾಕಿದರೆ ಪರದೆ ತುಂಬ ಕಾರು. ಕೊಡೆಯ ಆಟ ಎಲ್ಲಿದೆಯೆಂದು ಹುಡುಕಲು ಆ ಮುದುಕನೇ ಬರಬೇಕಿತ್ತು.

ಅವಳು ಜಗಳವಾಡಲಿಲ್ಲ. ಅದೇ ಆಟವನ್ನು ಎದುರಾಳಿ ಕಂಪನಿಯ ಕನ್ಸೋಲಿಗೆ ಕೊಟ್ಟಳು. ಅಲ್ಲಿ ಜನ ಮುಗಿಬಿದ್ದು ಆಡಿದರು. ಸುದ್ದಿ ಹಬ್ಬಿತು. ಆಮೇಲೆ ಷಡ್ಡಕರು ಹೋದಲ್ಲೆಲ್ಲ ಕಾಫಿ ಸಿಗುತ್ತಿತ್ತು, ಒಪ್ಪಿಗೆ ಸಿಗುತ್ತಿರಲಿಲ್ಲ.

ಮೊನ್ನೆ ಹೊಸ ಡಬ್ಬ ಹೊತ್ತು ಮತ್ತೆ ಅವಳ ಮೆಟ್ಟಿಲನ್ನೇ ಹತ್ತಿದರು. ಅವಳು ಬಂದರೆ ಉಳಿದವರೂ ಬಂದಾರು ಎಂಬ ಆಸೆ.

"ನೀವು ಯಾವಾಗ ಬೇಕಾದ್ರೂ ಬನ್ನಿ ಅಣ್ಣ," ಎಂದಳು. "ಡಬ್ಬ ಮಾತ್ರ ಕೆಳಗೇ ಇಟ್ಟು ಬನ್ನಿ."

ಈಗ ಅವರ ಮನೆಯ ಟೀವಿಯ ಹಿಂದೆ, ಟವೆಲ್ ಹೊದ್ದುಕೊಂಡು, ಎದುರಾಳಿ ಕಂಪನಿಯ ಕನ್ಸೋಲ್ ಕೂತಿದೆ. ಭಾನುವಾರ ನಾವಿಬ್ಬರೂ ಕೊಡೆ ಹಂಚುತ್ತೇವೆ. ತಪ್ಪು ಬಾಗಿಲು ತಟ್ಟುವುದರಲ್ಲಿ ನಾನು ನಿಸ್ಸೀಮ. ಷಡ್ಡಕರು ಒಂದು ಕೊಡೆಯನ್ನೂ ತಪ್ಪಿಸುವುದಿಲ್ಲ.

"ಆಫೀಸಿನೋರು ಯಾರಾದ್ರೂ ಬಂದು ನೋಡಿದ್ರೆ ಏನ್ರೀ ಗತಿ?" ಎಂದರು ಅತ್ತಿಗೆ.

"ನೋಡ್ಲಿ ಬಿಡೆ," ಎಂದರು ಷಡ್ಡಕರು, ಪರದೆಯಿಂದ ಕಣ್ಣು ಕೀಳದೆ. "ಹೊರಗಿನೋರ ಆಟಾನ ಅವ್ರು ಒಂದ್ಸಲ ಆದ್ರೂ ನೋಡ್ಬೇಕಿತ್ತು."